ತೊಟ್ಟಿಲಿಗೆ ಕಾಲ್ಚೀಲದ ಕಾವಲು

ಮಲಗಿದ ಮಗುವಿನ ನಾಡಿ, ಉಸಿರು, ಆಮ್ಲಜನಕದ ಲೆಕ್ಕವಿಡುವ ಉಪಕರಣಗಳು ಈಗ ಆಟಿಕೆಗಳಷ್ಟೇ ಸುಲಭವಾಗಿ ಸಿಗುತ್ತವೆ. ಅವು ಯಾವ ಮಗುವಿಗೆ ಬೇಕು? ಅವು ಸದ್ದು ಮಾಡಿದಾಗ ನಮ್ಮ ಕೈ ಏನು ಮಾಡಬೇಕು?

ಬಾಣಂತನಕ್ಕೆಂದು ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಅಮೆರಿಕಕ್ಕೆ ಹೋದ ಅಜ್ಜಿಯರಿಗೆ ಅಲ್ಲಿ ಎರಡು ಬೆರಗು ಕಾದಿರುತ್ತವೆ. ತೊಟ್ಟಿಲಲ್ಲಿ ದಿಂಬಿಲ್ಲ, ಹೊದಿಕೆಯಿಲ್ಲ, ಗೊಂಬೆಯಿಲ್ಲ; ಬರಿಯ ಗಟ್ಟಿ ಹಾಸಿಗೆಯ ಮೇಲೆ ಕೂಸು ಅಂಗಾತ ಮಲಗಿರುತ್ತದೆ. ಜೊತೆಗೆ ಅದರ ಒಂದೇ ಪಾದಕ್ಕೆ ಕಾಲ್ಚೀಲ. "ಇನ್ನೊಂದು ಎಲ್ಲಿ ಬಿತ್ತೇ?" ಎಂದು ಕೇಳಿದರೆ ಮಗಳು ಮೊಬೈಲ್ ಮುಂದೆ ಹಿಡಿಯುತ್ತಾಳೆ: "ಅದು ಒಂದೇ ಇರೋದಮ್ಮ. ನೋಡು, ಪುಟ್ಟಿಯ ಆಕ್ಸಿಜನ್ ತೊಂಬತ್ತೆಂಟು ಇದೆ."

ಬರಿದಾದ ತೊಟ್ಟಿಲು ಅಜ್ಜಿಗೆ ಒರಟುತನವೆಂದು ಕಾಣುತ್ತದೆ. ಕಾಲ್ಚೀಲ ವಿಜ್ಞಾನದ ಪವಾಡವೆಂದು. ವೈದ್ಯಕೀಯ ಚರಿತ್ರೆ ಹೇಳುವುದು ಇದಕ್ಕೆ ತಿರುಗುಮುರುಗು.

ಬೆಳಕಿನ ಲೆಕ್ಕ

ಕಾಲ್ಚೀಲದೊಳಗೆ ಇರುವುದು ನಮಗೆ ಪರಿಚಯದ ವಸ್ತುವೇ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡು ಎದೆ ಬಿಗಿಹಿಡಿದು ನೋಡುತ್ತಿದ್ದ ಪಲ್ಸ್ ಆಕ್ಸಿಮೀಟರ್ ಇಲ್ಲಿ ಹಸುಗೂಸಿನ ಪಾದಕ್ಕಿಳಿದಿದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅವಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಇಳಿಸಿಬಂದ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು. ಎರಡೂ ಬೆಳಕನ್ನು ಚರ್ಮದ ಮೂಲಕ ಹಾಯಿಸಿ, ಆಚೆ ಎಷ್ಟೆಷ್ಟು ಉಳಿದು ಬಂತೆಂದು ಅಳೆದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಗೊತ್ತಾಗುತ್ತದೆ.

ಇದನ್ನು ಕಂಡುಹಿಡಿದವರು ಜಪಾನಿನ ನಿಹಾನ್ ಕೊಡೆನ್ ಕಂಪನಿಯ ಎಂಜಿನಿಯರ್ ತಕುವೊ ಅವೊಯಾಗಿ. 1970ರ ದಶಕದ ಆರಂಭದಲ್ಲಿ ಅವರು ಅಳೆಯಹೊರಟಿದ್ದೇ ಬೇರೆ: ರಕ್ತಕ್ಕೆ ಬಣ್ಣ ಸೇರಿಸಿ ಹೃದಯ ಎಷ್ಟು ರಕ್ತ ತಳ್ಳುತ್ತದೆಂಬುದನ್ನು. ಪ್ರತಿ ನಾಡಿಬಡಿತಕ್ಕೂ ಅವರ ಅಳತೆ ಅಲುಗಾಡಿ ಕೆಡುತ್ತಿತ್ತು. ಆ ಅಲುಗಾಟವೇ ಅಪಧಮನಿಯ ರಕ್ತದ ಗುರುತು ಎಂದು ಹೊಳೆದದ್ದು ಆಗ. ಅಡ್ಡಿಯೆನಿಸಿದ್ದನ್ನೇ ಅವರು ಅಳತೆಯ ದಾರಿ ಮಾಡಿಕೊಂಡರು. ಇಂದು ಆಕ್ಸಿಮೀಟರ್ ಇಲ್ಲದ ಆಪರೇಷನ್ ಥಿಯೇಟರ್ ಊಹಿಸುವುದೂ ಕಷ್ಟ.

ಉಪಕರಣದ ಮೂಲ ಹೀಗೆ ಗಟ್ಟಿಯಾದದ್ದು. ಆದರೆ ಅರಿವಳಿಕೆಯಲ್ಲಿ ಅಲುಗದೆ ಮಲಗಿದ ರೋಗಿ ಬೇರೆ, ನಿದ್ದೆಯಲ್ಲೂ ಕಾಲು ಝಾಡಿಸುವ ಕೂಸು ಬೇರೆ. ಪಾದ ಅಲುಗಿದಷ್ಟೂ ಬೆಳಕಿನ ಲೆಕ್ಕ ತಪ್ಪುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಉಸಿರು ಮತ್ತು ಆಮ್ಲಜನಕವನ್ನು ಕಾದುಕೊಂಡಿದ್ದರೆ ನಿದ್ದೆಯಲ್ಲಿ ಬರುವ ಸಾವನ್ನು ತಡೆಯಬಹುದು ಎಂಬ ನಂಬಿಕೆ ಬಂದದ್ದೆಲ್ಲಿಂದ?

ಸಿರಕ್ಯೂಸ್‌ನ ಇಬ್ಬರು ಮಕ್ಕಳು

ವರ್ಷ ತುಂಬದ, ಆರೋಗ್ಯವಾಗಿದ್ದ ಮಗು ಮಲಗಿದಲ್ಲೇ ತೀರಿಕೊಂಡು, ಮರಣೋತ್ತರ ಪರೀಕ್ಷೆಯಲ್ಲೂ ಕಾರಣ ಸಿಗದಿದ್ದರೆ ಅದನ್ನು ಹಠಾತ್ ಶಿಶುಮರಣ ಎನ್ನುತ್ತಾರೆ. ವೈದ್ಯರ ಬಾಯಲ್ಲಿ 'ಸಿಡ್ಸ್'. ಎರಡರಿಂದ ನಾಲ್ಕು ತಿಂಗಳೊಳಗೆ ಅಪಾಯ ಹೆಚ್ಚು, ಆರು ತಿಂಗಳು ದಾಟಿದರೆ ಬಹಳ ಕಡಿಮೆ.

1972ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನ ವೈದ್ಯ ಆಲ್ಫ್ರೆಡ್ ಸ್ಟೈನ್‌ಶ್ನೈಡರ್ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಐದು ಮಕ್ಕಳ ಕುರಿತು ಪ್ರಬಂಧ ಬರೆದರು. ನಿದ್ದೆಯಲ್ಲಿ ಉಸಿರಾಟ ದೀರ್ಘಕಾಲ ನಿಲ್ಲುವುದೇ ಈ ಸಾವುಗಳ ಮುನ್ಸೂಚನೆ ಇರಬಹುದು ಎಂಬುದು ಅವರ ವಾದ. ಐವರಲ್ಲಿ ಇಬ್ಬರು ಒಂದೇ ಮನೆಯ ಅಕ್ಕತಮ್ಮಂದಿರು, ಇಬ್ಬರೂ ತೀರಿಕೊಂಡಿದ್ದರು. ವಾದ ಬೇಗ ಹಬ್ಬಿತು. ಉಸಿರು ನಿಂತರೆ ಕೂಗುವ ಯಂತ್ರ ಮನೆಯಲ್ಲಿದ್ದರೆ ಮಗು ಉಳಿದೀತು ಎಂಬ ಆಸೆ ಹುಟ್ಟಿತು. ಎದೆಗೆ ಪಟ್ಟಿ ಕಟ್ಟಿ, ತಂತಿ ಎಳೆದು, ಸಾವಿರಾರು ಅಮೆರಿಕನ್ ಮನೆಗಳಲ್ಲಿ ಉಸಿರು ಕಾಯುವ ಯಂತ್ರಗಳು ಬಂದು ಕುಳಿತವು.

ಎರಡು ದಶಕದ ಬಳಿಕ ಆ ಪ್ರಬಂಧದ ಬುಡವೇ ಕುಸಿಯಿತು. ಆ ಇಬ್ಬರು ಮಕ್ಕಳ ತಾಯಿ ವನೀಟಾ ಹೊಯ್ಟ್ ಒಟ್ಟು ಐದು ಮಕ್ಕಳನ್ನು ಕಳೆದುಕೊಂಡಿದ್ದಳು. ಹಳೆಯ ಪ್ರಬಂಧ ಓದಿ ಅನುಮಾನಪಟ್ಟ ತಜ್ಞರೊಬ್ಬರ ಮಾತಿನ ಜಾಡು ಹಿಡಿದು ತನಿಖೆ ನಡೆಯಿತು. 1994ರಲ್ಲಿ ಆಕೆ ಮಕ್ಕಳ ಉಸಿರುಗಟ್ಟಿಸಿದ್ದಾಗಿ ಒಪ್ಪಿಕೊಂಡಳು, ಆಮೇಲೆ ಹೇಳಿಕೆ ಹಿಂತೆಗೆದುಕೊಂಡಳು; 1995ರಲ್ಲಿ ನ್ಯಾಯಾಲಯ ಐದೂ ಕೊಲೆಗಳಿಗೆ ಆಕೆಯನ್ನು ತಪ್ಪಿತಸ್ಥಳೆಂದಿತು.

ಒಂದು ಪ್ರಬಂಧ ಕೆಟ್ಟಿತೆಂದ ಮಾತ್ರಕ್ಕೆ ಸಿದ್ಧಾಂತ ಸುಳ್ಳಾಗಬೇಕಿಲ್ಲ. ಅದನ್ನು ನೇರವಾಗಿ ಪರೀಕ್ಷಿಸಿದ್ದು 'ಚೈಮ್' ಹೆಸರಿನ ಅಧ್ಯಯನ. 1,079 ಮಕ್ಕಳನ್ನು ಅವರವರ ಮನೆಯಲ್ಲೇ ಒಟ್ಟು ಏಳು ಲಕ್ಷಕ್ಕೂ ಹೆಚ್ಚು ಗಂಟೆ ದಾಖಲಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲಾರಾಂ ಬಾರಿಸುವ ಮಟ್ಟದ ಉಸಿರುನಿಲುಗಡೆ, ನಾಡಿ ಇಳಿತ ದಿನ ತುಂಬಿ ಹುಟ್ಟಿದ ಗಟ್ಟಿಮುಟ್ಟಾದ ಮಕ್ಕಳಲ್ಲೂ ಮಾಮೂಲಾಗಿದ್ದವು. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ತೀವ್ರ ಘಟನೆಗಳು ಹೆಚ್ಚಿದ್ದರೂ, ಹೆರಿಗೆಗೆ ನಿರೀಕ್ಷಿಸಿದ್ದ ದಿನಾಂಕ ಕಳೆದು ಮೂರು ವಾರದ ಹೊತ್ತಿಗೆ ಅವು ಉಳಿದವರ ಮಟ್ಟಕ್ಕೆ ಇಳಿಯುತ್ತಿದ್ದವು. ಹಠಾತ್ ಶಿಶುಮರಣದ ಅಪಾಯ ಏರುವುದು ಅದಾದ ಮೇಲೆ. ಯಂತ್ರ ಕಾಯುತ್ತಿದ್ದದ್ದು ಒಂದು ಬಾಗಿಲನ್ನು, ಸಾವು ಬರುತ್ತಿದ್ದದ್ದು ಇನ್ನೊಂದರಿಂದ.

ಮಗ್ಗುಲು ಬದಲಿಸಿದ ದಶಕ

ನಿಜಕ್ಕೂ ಪ್ರಾಣ ಉಳಿಸಿದ ಕ್ರಮಕ್ಕೆ ಕಾಸೂ ಖರ್ಚಿರಲಿಲ್ಲ. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಪಾಶ್ಚಾತ್ಯ ದೇಶಗಳ ವೈದ್ಯರು ಮಕ್ಕಳನ್ನು ಬೋರಲು ಮಲಗಿಸಿ ಎನ್ನುತ್ತಿದ್ದರು. ಮನೆಮನೆಯ ಕೈಪಿಡಿಯಾಗಿದ್ದ ಡಾ. ಬೆಂಜಮಿನ್ ಸ್ಪಾಕ್ ಅವರ ಪುಸ್ತಕವೂ 1950ರ ದಶಕದ ಕೊನೆಯ ಹೊತ್ತಿಗೆ ಅದನ್ನೇ ಹೇಳತೊಡಗಿತು. ಅಂಗಾತ ಮಲಗಿದ ಮಗು ಕಕ್ಕಿದರೆ ಉಸಿರುಕಟ್ಟೀತು ಎಂಬುದು ಅವರ ಭಯ. ದೇಹರಚನೆ ಹೇಳುವುದು ಬೇರೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗೆ. ಕಕ್ಕಿದ ಹಾಲು ಉಸಿರಿನ ದಾರಿಗೆ ಏರಿ ಬರಬೇಕಾಗುತ್ತದೆ. ಬೋರಲಾದರೆ ಈ ಏರ್ಪಾಡು ತಲೆಕೆಳಗಾಗುತ್ತದೆ. ಜೊತೆಗೆ ಮಗು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳಬಹುದು, ಮೈ ಕಾಯುತ್ತದೆ, ನಿದ್ದೆ ಆಳವಾಗಿ ಎಚ್ಚರಗೊಳ್ಳುವುದು ಕಷ್ಟವಾಗುತ್ತದೆ.

ನೆದರ್ಲೆಂಡ್ಸ್, ನ್ಯೂಜಿಲೆಂಡ್, ಬ್ರಿಟನ್ ಮೊದಲಾದ ದೇಶಗಳು 1980ರ ದಶಕದ ಕೊನೆಯಿಂದ ಮಕ್ಕಳನ್ನು ಅಂಗಾತ ಮಲಗಿಸಿ ಎಂದು ಸಾರತೊಡಗಿದವು. ಅಮೆರಿಕದ ಆಂದೋಲನ ಶುರುವಾದದ್ದು 1994ರಲ್ಲಿ. ಸುಮಾರು ಹತ್ತು ವರ್ಷದಲ್ಲಿ ಅಲ್ಲಿನ ಸಿಡ್ಸ್ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ನೋವಿನ ಸಂಗತಿಯೆಂದರೆ ಇದಕ್ಕೆ ಬೇಕಾದ ಪುರಾವೆ 1970ರಷ್ಟು ಹಿಂದೆಯೇ ಪತ್ರಿಕೆಗಳಲ್ಲಿ ಚದುರಿ ಬಿದ್ದಿತ್ತು. ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು 2005ರಲ್ಲಿ ಹಳೆಯ ಅಧ್ಯಯನಗಳನ್ನು ಕೂಡಿಸಿ ನೋಡಿ, ಆಗಲೇ ಎಚ್ಚೆತ್ತಿದ್ದರೆ ಬ್ರಿಟನ್‌ನಲ್ಲಿ ಹತ್ತು ಸಾವಿರ, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ ಐವತ್ತು ಸಾವಿರ ಮಕ್ಕಳು ಉಳಿಯಬಹುದಿತ್ತೆಂದು ಅಂದಾಜಿಸಿದರು. ಜಗತ್ತು ಅಲಾರಾಂ ಯಂತ್ರಗಳನ್ನು ಸುಧಾರಿಸುವುದರಲ್ಲಿ ಮಗ್ನವಾಗಿದ್ದ ವರ್ಷಗಳೂ ಅವೇ.

ನಿಯಂತ್ರಕರ ಪತ್ರ, ನಡುರಾತ್ರಿಯ ಸದ್ದು

ಸ್ಮಾರ್ಟ್‌ಫೋನ್ ಬಂದ ಮೇಲೆ ಹಳೆಯ ಆಸೆ ಹೊಸ ರೂಪದಲ್ಲಿ ಮರಳಿತು. ತಂತಿ ಹೋಯಿತು, ಆ್ಯಪ್ ಬಂತು. ಡೈಪರ್‌ಗೆ ಸಿಕ್ಕಿಸುವ ಕ್ಲಿಪ್, ಎದೆಗೆ ಸುತ್ತುವ ಪಟ್ಟಿ ಎಲ್ಲ ಬಂದವು. ಹೆಚ್ಚು ಹೆಸರು ಮಾಡಿದ್ದು ಅಮೆರಿಕದ ಯೂಟಾ ರಾಜ್ಯದ ಓಲೆಟ್ ಕಂಪನಿಯ ಕಾಲ್ಚೀಲ. 2018ರಲ್ಲಿ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯ ವೈದ್ಯ ಕ್ರಿಸ್ಟೊಫರ್ ಬೊನಫೈಡ್ ತಂಡ 30 ಮಕ್ಕಳ ಮೇಲೆ ಓಲೆಟ್ ಮತ್ತು ಬೇಬಿ ವೀಡಾ ಎಂಬ ಎರಡು ಉಪಕರಣಗಳನ್ನು ಆಸ್ಪತ್ರೆಯ ಆಕ್ಸಿಮೀಟರ್ ಜೊತೆ ಹೋಲಿಸಿ ನೋಡಿತು. ಬೇಬಿ ವೀಡಾ ಆಮ್ಲಜನಕ ಇಳಿದದ್ದನ್ನು ಒಮ್ಮೆಯೂ ಗುರುತಿಸಲಿಲ್ಲ. ನಾಡಿ ಸರಿಯಿದ್ದಾಗ ಕಡಿಮೆಯೆಂದು ತೋರಿಸಿತು. ಓಲೆಟ್ ಗುರುತಿಸಿತು, ಆದರೆ ಪ್ರತಿ ಸಲವೂ ನೆಚ್ಚುವಂತಿರಲಿಲ್ಲ.

2021ರ ಅಕ್ಟೋಬರ್‌ನಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ ಓಲೆಟ್‌ಗೆ ಎಚ್ಚರಿಕೆ ಪತ್ರ ಬರೆಯಿತು: ಇದು ವೈದ್ಯಕೀಯ ಉಪಕರಣ, ಅನುಮತಿಯಿಲ್ಲದೆ ಮಾರುತ್ತಿದ್ದೀರಿ. ಕಂಪನಿ ಅಲ್ಲಿ ಮಾರಾಟ ನಿಲ್ಲಿಸಿತು, ಮರುವರ್ಷ ಬೇರೆ ಹೆಸರಿನ ಕಾಲ್ಚೀಲ ತಂದಿತು. 2023ರಲ್ಲಿ ವೈದ್ಯರ ಚೀಟಿ ಬೇಕಾದ ಒಂದು ಮಾದರಿಗೂ, ನೇರವಾಗಿ ಕೊಳ್ಳಬಹುದಾದ ಇನ್ನೊಂದಕ್ಕೂ ಅನುಮತಿ ದೊರೆಯಿತು. ಅಳತೆ ಸರಿಯಿದೆ ಎಂಬುದಕ್ಕೆ ಸಿಕ್ಕ ಮುದ್ರೆ ಅದು. ಹಠಾತ್ ಶಿಶುಮರಣ ತಪ್ಪಿಸುತ್ತದೆ ಎಂಬುದಕ್ಕಲ್ಲ. ಸಿಡ್ಸ್ ತಡೆಯಲೆಂದು ಇಂಥ ಮನೆಯ ಮಾನಿಟರ್‌ಗಳನ್ನು ಬಳಸಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಮಾರ್ಗಸೂಚಿಯಲ್ಲಿ ಮತ್ತೆ ಹೇಳಿದೆ.

ಇದರ ಹಿಂದಿನ ಗಣಿತ ಸರಳ. ಅಮೆರಿಕದಲ್ಲಿ ನಿದ್ದೆಗೆ ಸಂಬಂಧಿಸಿದ ಶಿಶುಮರಣ ವರ್ಷಕ್ಕೆ ಸುಮಾರು 3,500, ಅಂದರೆ ಹೆಚ್ಚುಕಡಿಮೆ ಸಾವಿರ ಮಕ್ಕಳಿಗೆ ಒಂದು. ಸಾವಿರ ರಾತ್ರಿಗೆ ಒಮ್ಮೆ ಮಾತ್ರ ಸುಳ್ಳು ಕೂಗುವಷ್ಟು ಒಳ್ಳೆಯ ಯಂತ್ರ ಇದೆಯೆಂದೇ ಇಟ್ಟುಕೊಳ್ಳೋಣ. ಸಾವಿರ ಮಕ್ಕಳಿಗೆ ಆರು ತಿಂಗಳು ತೊಡಿಸಿದರೆ ಒಂದು ಲಕ್ಷ ಎಂಬತ್ತು ಸಾವಿರ ರಾತ್ರಿ. ಸುಳ್ಳು ಕೂಗು ನೂರ ಎಂಬತ್ತು, ನಿಜವಾದದ್ದು ಬಂದರೆ ಒಂದು. ಪ್ರತಿ ಸುಳ್ಳು ಕೂಗಿನ ಹಿಂದೆ ಗಾಬರಿಯಿಂದ ಎದ್ದ ಬಾಣಂತಿ, ನಡುರಾತ್ರಿಯ ಆಸ್ಪತ್ರೆ ಓಟ, ಬೇಡದ ರಕ್ತಪರೀಕ್ಷೆ ಇರುತ್ತವೆ. ಕೂಗದ ರಾತ್ರಿಗಳ ಅಪಾಯವೂ ಸಣ್ಣದಲ್ಲ: "ಕಾಲ್ಚೀಲ ಇದೆಯಲ್ಲ" ಎಂದು ಮಗುವನ್ನು ಬೋರಲು ಬಿಡುವ, ಸೋಫಾದ ಮೇಲೆ ಮಲಗಿಸುವ ಧೈರ್ಯ.

ಬೆಂಗಳೂರಿನ ಕೈಪಟ್ಟಿ

ಹಾಗಾದರೆ ಮಗುವಿಗೆ ತೊಡಿಸುವ ಉಪಕರಣಗಳೆಲ್ಲ ದಂಡವೇ? ಅಲ್ಲ ಎನ್ನಲು ಬೆಂಗಳೂರಿನಲ್ಲೇ ಉದಾಹರಣೆಯಿದೆ. ರತುಲ್ ನಾರೈನ್ ಕಟ್ಟಿದ ಬೆಂಪು ಕಂಪನಿ ಒಂದು ಪುಟ್ಟ ಕೈಪಟ್ಟಿ ಮಾಡಿತು. 2017ರಲ್ಲಿ 'ಟೈಮ್' ಪತ್ರಿಕೆಯ ವರ್ಷದ ಉತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಅದಕ್ಕೆ ಆ್ಯಪ್ ಬೇಡ. ಮಗುವಿನ ಮೈ ಬೆಚ್ಚಗಿದ್ದರೆ ನೀಲಿ ದೀಪ ಮಿನುಗುತ್ತದೆ. ಮೈ ತಣ್ಣಗಾದರೆ ಕಿತ್ತಳೆ ದೀಪ ಹೊತ್ತಿ ಸದ್ದಾಗುತ್ತದೆ.

ನವಜಾತ ಶಿಶುವಿನ ಮೈ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ತೊಂದರೆ ಶುರು. ತೂಕ ಕಡಿಮೆಯಿರುವ ಕೂಸಿಗೆ ಕಾವು ಹಿಡಿದಿಡುವ ಕೊಬ್ಬಿಲ್ಲ. ಮೈ ಕಾಯಿಸಿಕೊಳ್ಳುವುದರಲ್ಲೇ ಶಕ್ತಿ ಸೋರಿ, ಹಾಲು ಕುಡಿಯಲಾರದೆ ಸೊರಗುತ್ತದೆ, ಸೋಂಕಿಗೆ ಸುಲಭದ ತುತ್ತಾಗುತ್ತದೆ. ಭಾರತದಲ್ಲಿ ಹುಟ್ಟುವ ಐದು ಮಕ್ಕಳಲ್ಲಿ ಒಂದರ ಸಮೀಪ ಎರಡೂವರೆ ಕಿಲೋಗಿಂತ ಕಡಿಮೆ ತೂಕದ್ದು. ನಮ್ಮಲ್ಲಿ ಮೊದಲ ತಿಂಗಳ ಸಾವಿಗೆ ಮುಖ್ಯ ಕಾರಣಗಳು ದಿನ ತುಂಬದ ಹೆರಿಗೆ, ಹೆರಿಗೆಯಲ್ಲಿ ಉಸಿರು ಸಿಗದಿರುವುದು, ಸೋಂಕು.

ಇಲ್ಲಿ ಎರಡು ಪ್ರಶ್ನೆಗೂ ಉತ್ತರವಿದೆ. ಯಾವ ಮಗುವಿಗೆ? ತೂಕ ಕಡಿಮೆಯಿರುವ ಮಗುವಿಗೆ. ಸದ್ದಾದರೆ ಏನು ಮಾಡಬೇಕು? ಬಟ್ಟೆ ತೆಗೆದು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಒರಗಿಸಿ, ಮೇಲೆ ಹೊದಿಸಿ, ಹಾಲು ಕುಡಿಸಬೇಕು. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ ಇನ್‌ಕ್ಯುಬೇಟರ್ ಸಾಲದೆ ಬಂದಾಗ ಶುರುವಾದ ಈ ಕಾಂಗರೂ ಆರೈಕೆಗೆ ಬಲವಾದ ಪುರಾವೆಯಿದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಕೊಟ್ಟ ಕಡಿಮೆ ತೂಕದ ಮಕ್ಕಳಲ್ಲಿ ಮೊದಲ ತಿಂಗಳ ಸಾವು ಕಾಲುಭಾಗ ತಗ್ಗಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೆ ಈ ಆರೈಕೆಯನ್ನು ವಿಸ್ತರಿಸುವ ಕೆಲಸ ಮಾಡಿದ್ದಾರೆ. ಕೈಪಟ್ಟಿ ಬರಿಯ ನೆನಪೋಲೆ. ಚಿಕಿತ್ಸೆ ತಾಯಿಯ ಮೈಯಲ್ಲಿದೆ.

ತರಬೇತಾದ ಕೈಗಳಿದ್ದರೆ ಯಂತ್ರವೇ ಇಲ್ಲದೆಯೂ ಕಾವಲು ಸಾಧ್ಯ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ಉಸಿರು ಎಣಿಸುವುದು, ಮೈ ಬೆಚ್ಚಗಿಡುವುದು, ಸೋಂಕು ಗುರುತಿಸಿ ಮದ್ದು ಕೊಡುವುದನ್ನು ಕಲಿಸಿ ನವಜಾತರ ಸಾವನ್ನು ಶೇ 62ರಷ್ಟು ಇಳಿಸಿದ್ದನ್ನು 1999ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿತು. ಇಂದು ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಥರ್ಮಾಮೀಟರ್, ತೂಕದ ಚೀಲ ಹಿಡಿದು ಬರುವುದರ ಹಿಂದೆ ಆ ಪಾಠವಿದೆ.

ಮಲಗಿಸುವವರಿಗೆ

ನಮ್ಮ ಮನೆಗಳಲ್ಲಿ ಮಗುವನ್ನು ಅಂಗಾತ ಮಲಗಿಸುವುದು ಹಳೆಯ ರೂಢಿ, ಅದು ಉಳಿಯಲಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಮುಖಕ್ಕೆ ಜಾರಬಹುದಾದ ದಪ್ಪ ಹೊದಿಕೆ, ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಬೇಡ. ದಿನ ತುಂಬಿ ಹುಟ್ಟಿದ ಗಟ್ಟಿಮುಟ್ಟಾದ ಮಗುವಿಗೆ ಬೇಸಿಗೆಯ ರಾತ್ರಿ ಕುಲಾವಿ, ಸ್ವೆಟರ್ ಬೇಡ. ಮಗು ತಾಯಿಯ ಕೋಣೆಯಲ್ಲೇ, ಆದರೆ ತನ್ನದೇ ಗಟ್ಟಿ ಹಾಸಿಗೆಯಲ್ಲಿ ಮಲಗುವುದು ಎಲ್ಲಕ್ಕಿಂತ ಸುರಕ್ಷಿತ. ಪಕ್ಕದಲ್ಲಿ ಮಲಗುವವರು ಬೀಡಿ ಸಿಗರೇಟು ಸೇದುವವರೋ ಕುಡಿದವರೋ ಆಗಿದ್ದರೆ, ಮಗು ದಿನ ತುಂಬದೆ ಹುಟ್ಟಿದ್ದಾಗಿದ್ದರೆ, ಒಂದೇ ಹಾಸಿಗೆ ಕೂಡದೇ ಕೂಡದು. ಮಗು ಐದಾರು ಸೆಕೆಂಡು ಉಸಿರು ತಡೆದು ಮತ್ತೆ ಆಡುವುದು ಸಹಜ. ಎದೆಗೂಡು ಒಳಸೇದುವುದು, ನಿಮಿಷಕ್ಕೆ 60 ಮೀರಿದ ಉಸಿರು, ತುಟಿ ನೀಲಿಯಾಗುವುದು, ಹಾಲು ಬಿಟ್ಟು ಸಪ್ಪಗಾಗುವುದು ಸಹಜವಲ್ಲ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹೃದಯದ ತೊಂದರೆಯ, ಮನೆಯಲ್ಲೂ ಆಮ್ಲಜನಕ ಬೇಕಾದ ಮಕ್ಕಳಿಗೆ ವೈದ್ಯರೇ ಮಾನಿಟರ್ ಬರೆದುಕೊಡುತ್ತಾರೆ. ಸದ್ದಾದಾಗ ಏನು ಮಾಡಬೇಕೆಂದೂ ಕಲಿಸಿ ಕಳಿಸುತ್ತಾರೆ. ಉಳಿದವರು ಆನ್‌ಲೈನಿನಲ್ಲಿ ಕಾಲ್ಚೀಲ ಆರಿಸುವ ಮುನ್ನ ಮಗುವಿನ ಡಾಕ್ಟರನ್ನು ಕೇಳಲಿ: ಇದು ಕೂಗಿದರೆ ನಾನೇನು ಮಾಡಲಿ? "ಎತ್ತಿಕೊಂಡು ಇಲ್ಲಿಗೆ ಓಡಿ ಬನ್ನಿ" ಎಂಬುದಷ್ಟೇ ಉತ್ತರವಾದರೆ ಹಣ ಉಳಿಸಿಕೊಂಡು, ಶಿಶುಗಳಿಗೆ ಸಿಪಿಆರ್ (ಎದೆ ಒತ್ತಿ, ಉಸಿರು ಊದಿ ಬದುಕಿಸುವ ಕ್ರಮ) ಮಾಡುವ ತರಬೇತಿಗೆ ಗಂಡ, ಹೆಂಡತಿ, ಅಜ್ಜಿ ಮೂವರೂ ಹೋಗಿ ಬರಲಿ. ಉಸಿರು ನಿಂತ ಮಗುವಿಗೆ ಆ ಹೊತ್ತಿನಲ್ಲಿ ಬೇಕಾಗುವುದು ಅದೇ ವಿದ್ಯೆ, ಮತ್ತು ಅದನ್ನು ಯಾವ ಕಂಪನಿಯೂ ಡಬ್ಬಿಯಲ್ಲಿಟ್ಟು ಮಾರುವುದಿಲ್ಲ.