ಅಪಾಯ ಸೂಚಕವೂ ಲಾರಿ ಚಾಲಕನೂ

ನಮ್ಮ ತಂದೆಯವರು ಮೂವತ್ತು ವರ್ಷಗಳಿಂದ ಲಾರಿ ನಡೆಸುತ್ತಿದ್ದಾರೆ. ಅವರ ಮಟ್ಟಿಗೆ ಅಪಾಯ ಸೂಚಕವೆಂದರೆ ಎಡಗಡೆ ಕುಳಿತ ಕ್ಲೀನರ್. ಅವನು ಬಾಗಿಲು ಬಡಿದನೆಂದರೆ ಇವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದೇ ಎಂದು ಅಮೆರಿಕಾದಲ್ಲಿ ನಡೆದ ಪರೀಕ್ಷೆಯೊಂದನ್ನು ಸಹಪಾಠಿಗಳ ಮುಂದಿಡುತ್ತೇನೆ.

ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಸೆಕೆಂಡಿಗೆ ಸುಮಾರು 22 ಮೀಟರ್ ಮುಂದುವರಿಯುತ್ತದೆ. ಹೊರೆ ತುಂಬಿದ ಲಾರಿ ಕಾರಿನಂತೆ ಥಟ್ಟನೆ ನಿಲ್ಲದು; ಗಾಳಿಯ ಒತ್ತಡದ ಬ್ರೇಕು ಹಿಡಿಯುವುದಕ್ಕೂ ಕ್ಷಣಕಾಲ ಬೇಕು. ಆದುದರಿಂದ ಒಂದು ಸೆಕೆಂಡು ಮುಂಚಿತವಾಗಿ ಎಚ್ಚರಿಸಿದರೂ ಪ್ರಾಣ ಉಳಿದೀತು. ಲಾರಿಯ ಮುಂಭಾಗದ ರೇಡಾರ್ ರೇಡಿಯೋ ಅಲೆಗಳನ್ನು ಕಳುಹಿಸಿ, ತಾಗಿ ಮರಳಿದ ಅಲೆಯಿಂದ ಮುಂದಿನ ವಾಹನದ ದೂರವನ್ನೂ ವೇಗವನ್ನೂ ಗುಣಿಸುತ್ತದೆ. ಅಂತರವು ಅಪಾಯಕರವಾಗಿ ಕುಗ್ಗಿದರೆ ಸದ್ದು ಮಾಡುತ್ತದೆ. ರಸ್ತೆಯ ಗೆರೆ ದಾಟಿದರೆ ಎಚ್ಚರಿಸಲು ಒಂದು ಕ್ಯಾಮರಾ ಬೇರೆ.

2009ರಲ್ಲಿ ಮಿಚಿಗನ್ ವಿಶ್ವವಿದ್ಯಾನಿಲಯದವರು ಈ ಯಂತ್ರವನ್ನು 10 ಲಾರಿಗಳಿಗೆ ಜೋಡಿಸಿ, ಸರಕು ಸಾಗಣೆಯ ಕಂಪೆನಿಯೊಂದರ 18 ಚಾಲಕರಿಗೆ ಹತ್ತು ತಿಂಗಳು ಕೊಟ್ಟರು. ಅವರು ತಮ್ಮ ನಿತ್ಯದ ಸರಕನ್ನೇ ಹೊತ್ತು ಸುಮಾರು 6 ಲಕ್ಷ ಮೈಲಿ ಓಡಿಸಿದರು. ಮೊದಲ ಎರಡು ತಿಂಗಳು ಯಂತ್ರವು ಬಾಯಿ ಬಿಡದೆ ಎಲ್ಲವನ್ನೂ ಬರೆದುಕೊಂಡಿತಷ್ಟೆ. ಪರೀಕ್ಷೆಯ ಜಾಣತನವೆಲ್ಲ ಈ ಮೌನದಲ್ಲಿದೆಯೆಂದು ನನ್ನ ಎಣಿಕೆ. ಸದ್ದಿಲ್ಲದಾಗ ಚಾಲಕನು ಹೇಗಿದ್ದನೆಂದು ತಿಳಿಯದೆ, ಸದ್ದು ಬಂದ ಮೇಲೆ ಬದಲಾದನೆಂದು ಹೇಳುವುದು ಹೇಗೆ?

ಯಂತ್ರ ಮಾತನಾಡತೊಡಗಿದ ಮೇಲೆ ಅದರ ಕುಂದೂ ಬಯಲಾಯಿತು. ರಸ್ತೆಯ ಮೇಲೆ ಅಡ್ಡಹಾಯ್ದ ಸೇತುವೆಯನ್ನೂ ನೆತ್ತಿಯ ಮೇಲಿನ ಹೆಸರು ಹಲಗೆಯನ್ನೂ ಅದು ಎಷ್ಟೋ ಸಲ ದಾರಿಯಲ್ಲಿ ನಿಂತ ವಾಹನವೆಂದೇ ಬಗೆದು ಕೂಗಿಕೊಂಡಿತು. ರೇಡಾರಿಗೆ ದೂರ ತಿಳಿಯುವಷ್ಟು ಸುಲಭವಾಗಿ ಎತ್ತರ ತಿಳಿಯದು. ರಾತ್ರಿ ಹೆದ್ದಾರಿಯಲ್ಲಿ ಅದೇ ಸೇತುವೆಗಳಡಿ ಹೋಗಿಬರುವ ಚಾಲಕನಿಗೆ ಇದು ಎಂಥ ಪೀಡೆ!

ತಂದೆಯವರಿಗೆ ಇದನ್ನು ಹೇಳಿದೆ. "ಸೇತುವೆ ಕಂಡರೂ ಬಾಗಿಲು ಬಡಿಯೋ ಕ್ಲೀನರ್‌ನ ಯಾರು ಇಟ್ಕೋತಾರಪ್ಪ?" ಎಂದು ನಕ್ಕರು. ಹಾಗೆ ಬಡಿಯುವವನು ನಿಜವಾದ ಅಪಾಯದಲ್ಲಿ ಬಡಿದರೂ ಕಾಲು ಬ್ರೇಕಿಗೆ ಹೋಗದಂತೆ.

ಆದರೂ ಆ 18 ಮಂದಿಯಲ್ಲಿ 15 ಮಂದಿ, ಯಂತ್ರವಿರುವ ಲಾರಿಯೇ ತಮಗಿಷ್ಟವೆಂದರು. ಇದನ್ನು ಕೇಳಿ ತಂದೆಯವರು ಕೊಂಚ ಹೊತ್ತು ಯೋಚಿಸಿದರು.

"ತೂಕಡಿಸಿದರೆ ಎಬ್ಬಿಸುತ್ತದೆಯೋ?"

"ಗೆರೆ ದಾಟಿದರೆ ಎಬ್ಬಿಸುತ್ತದೆ, ಅಪ್ಪ."

"ನಾನು ಹೋಗೋ ರಸ್ತೇಲಿ ಗೆರೆ ಎಲ್ಲಿದೆಯೋ?" ಎಂದು ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದರು.