ವಸ್ತುಸಂಗ್ರಹಾಲಯ ಶಾಸ್ತ್ರ

ಬಂಗಾಳದ ಜನರು ಕಲ್ಕತ್ತೆಯ ಮ್ಯೂಸಿಯಮ್ಮನ್ನು ‘ಜಾದೂಘರ್’ ಎಂದು ಕರೆಯುವುದು ವಾಡಿಕೆ. ಮಾಯೆಯ ಮನೆ ಎಂದು ಇದರ ಅರ್ಥ. ಬೆರಗುಪಡುವುದು ತಪ್ಪಲ್ಲ, ಆದರೆ ಬೆರಗಾದವನನ್ನು ತಿಳಿವಿನ ಕಡೆಗೆ ನಡಸತಕ್ಕವರು ಯಾರು? ಸಾವಿರ ವರ್ಷದ ವಸ್ತುವನ್ನು ಕೆಡದಂತೆ ಕಾಪಾಡಿ ಮುಂದಿನ ತಲೆಮಾರಿಗೆ ಒಪ್ಪಿಸತಕ್ಕವರು ಯಾರು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಬೆಳೆದ ವಿದ್ಯೆಯೇ ವಸ್ತುಸಂಗ್ರಹಾಲಯ ಶಾಸ್ತ್ರ.

ಸಂಗ್ರಹಾಲಯಗಳು ಹಳೆಯವು, ಶಾಸ್ತ್ರ ಹೊಸದು. ಕಲ್ಕತ್ತೆಯ ಸಂಗ್ರಹಾಲಯವು 1814ರಲ್ಲಿ ಏಷ್ಯಾಟಿಕ್ ಸೊಸೈಟಿಯ ಆಶ್ರಯದಲ್ಲಿಯೂ, ನಮ್ಮ ಬೆಂಗಳೂರಿನದು 1865ರಲ್ಲಿಯೂ ಸ್ಥಾಪಿತವಾದುವು. ಮೊದಲನೆಯದಕ್ಕೆ ಮೂಲಪುರುಷರಾದ ವಾಲಿಚ್ ಸಸ್ಯಶಾಸ್ತ್ರಜ್ಞರು. ಎರಡನೆಯದಕ್ಕೆ ಕಾರಣರಾದ ಎಡ್ವರ್ಡ್ ಬಾಲ್‌ಫರ್ ವೈದ್ಯರು. ತಮ್ಮ ತಮ್ಮ ವಿದ್ಯೆಯಲ್ಲಿ ಇಂಥವರು ಪಂಡಿತರೇ ಸರಿ. ಆದರೆ ವಸ್ತುವಿನ ಪಾಲನೆಯೂ ಪ್ರದರ್ಶನವೂ ಪ್ರತ್ಯೇಕ ಶಿಕ್ಷಣವನ್ನು ಬೇಡುವ ಕೆಲಸವೆಂಬ ಭಾವನೆ ಆ ಕಾಲದಲ್ಲಿ ಬೇರೂರಿರಲಿಲ್ಲ. 1889ರಲ್ಲಿ ಬ್ರಿಟನ್ನಿನ ಸಂಗ್ರಹಾಲಯದವರು ತಮ್ಮದೇ ಸಂಘವೊಂದನ್ನು ಕಟ್ಟಿಕೊಂಡರು. ವೃತ್ತಿಗೆ ಒಂದು ರೂಪ ಬಂದದ್ದು ಹೀಗೆ.

ವಿದ್ಯೆಯ ಅಗತ್ಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟದ್ದು ಮೊದಲನೆಯ ಮಹಾಯುದ್ಧ. ಬಾಂಬಿನ ಭಯದಿಂದ ಬ್ರಿಟಿಷ್ ಮ್ಯೂಸಿಯಮ್ಮಿನ ಅನೇಕ ವಸ್ತುಗಳನ್ನು ಲಂಡನ್ನಿನ ನೆಲದೊಳಗಣ ರೈಲು ಸುರಂಗದಲ್ಲಿ ಇರಿಸಿದ್ದರು. ಯುದ್ಧ ಮುಗಿದಮೇಲೆ ಹೊರತೆಗೆದು ನೋಡಿದರೆ ಕಬ್ಬಿಣ ತುಕ್ಕು ಹಿಡಿದಿತ್ತು, ಕಂಚಿನ ಮೇಲೆ ಕಿಲುಬು ಎದ್ದಿತ್ತು. ಶತ್ರುವಿನ ಬಾಂಬು ಮಾಡದ ಹಾನಿಯನ್ನು ತೇವವು ಸದ್ದಿಲ್ಲದೆ ಮಾಡಿತ್ತು. ಅಲೆಕ್ಸಾಂಡರ್ ಸ್ಕಾಟ್ ಎಂಬ ರಸಾಯನಶಾಸ್ತ್ರಜ್ಞರನ್ನು ಕರೆಸಿದರು. ಅಲ್ಲಿನ ಸಂಶೋಧನಾಲಯ ಹೀಗೆ ಆರಂಭವಾಯಿತು. ಪ್ರೀತಿಯೊಂದೇ ವಸ್ತುವನ್ನು ಉಳಿಸಲಾರದು, ಅದರ ಪ್ರಕೃತಿಯನ್ನೂ ಅರಿಯಬೇಕು ಎಂಬುದು ಇದರಿಂದ ಸಿದ್ಧವಾಯಿತು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹಿಂದೆ ಬ್ಯಾಂಕು ವ್ಯವಹಾರದಲ್ಲಿದ್ದ ಪಾಲ್ ಸ್ಯಾಕ್ಸ್ ಅವರು 1920ರ ದಶಕದ ಆರಂಭದಲ್ಲಿ ಸಂಗ್ರಹಾಲಯದ ಕೆಲಸವನ್ನೇ ಪಾಠವಾಗಿ ಕಲಿಸತೊಡಗಿದರು. ಅಲ್ಲಿ ವಿದ್ಯಾರ್ಥಿಗಳು ಪುಸ್ತಕದಷ್ಟೇ ಶ್ರದ್ಧೆಯಿಂದ ವಸ್ತುವನ್ನೂ ಕೈಯಲ್ಲಿ ಹಿಡಿದು ಓದಬೇಕಾಗಿತ್ತು. ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದ ಮೊದಲ ನಿರ್ದೇಶಕ ಆಲ್‌ಫ್ರೆಡ್ ಬಾರ್ ಇವರ ಶಿಷ್ಯರು.

ಇನ್ನು ನಮ್ಮ ದೇಶದ ವಿಚಾರ. ಮಾರ್ಕಮ್ ಮತ್ತು ಹಾರ್ಗ್ರೀವ್ಸ್ ಎಂಬವರು ಭಾರತದ ಸಂಗ್ರಹಾಲಯಗಳನ್ನು ಪರಿಶೀಲಿಸಿ 1936ರಲ್ಲಿ ವರದಿಯನ್ನು ಪ್ರಕಟಿಸಿದರು. ಅದು ಹೊಗಳಿಕೆಯ ವರದಿಯಲ್ಲ. ಈ ಕೊರತೆಯನ್ನು ನೀಗಲು ದಾರಿ ತೋರಿದ್ದು ಬರೋಡ. ಮಹಾರಾಜ ಮೂರನೆಯ ಸಯಾಜಿರಾಯರು ಕಟ್ಟಿಸಿದ ಸಂಗ್ರಹಾಲಯ ಅಲ್ಲಿ 1894ರಿಂದ ಇದ್ದಿತು. ಆ ಮಹಾರಾಜರ ಹೆಸರನ್ನೇ ಹೊತ್ತ ವಿಶ್ವವಿದ್ಯಾನಿಲಯದಲ್ಲಿ 1952ರಲ್ಲಿ ಈ ಶಾಸ್ತ್ರದ ಬೋಧನೆ ಆರಂಭವಾಯಿತು. 1959ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯವು ಇದನ್ನು ಅನುಸರಿಸಿತು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದ ಪ್ರಸಿದ್ಧ ವಿಭಾಗ ಹುಟ್ಟಿದ್ದು 1966ರಲ್ಲಿ ಎಂಬುದನ್ನು ನೆನೆದರೆ, ನಮ್ಮವರು ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲವೆಂದು ತಿಳಿಯುತ್ತದೆ.

ಇದನ್ನು ಶಾಸ್ತ್ರವೆನ್ನಬಹುದೆ, ಕೇವಲ ಕೈಗೆಲಸವೆನ್ನಬೇಕೆ ಎಂದು ಕೆಲವರು ಆಕ್ಷೇಪಿಸುವುದುಂಟು. ಚೆಕೊಸ್ಲೊವಾಕಿಯದ ಬ್ರ್ನೊ ನಗರದಲ್ಲಿ ಬೋಧಿಸುತ್ತಿದ್ದ ಸ್ಟ್ರಾನ್‌ಸ್ಕಿ ಎಂಬ ವಿದ್ವಾಂಸರು 1960ರ ದಶಕದಲ್ಲಿ ಇದಕ್ಕೆ ಸೊಗಸಾದ ಸಮಾಧಾನ ಕೊಟ್ಟರು: ಈ ಶಾಸ್ತ್ರದ ವಿಷಯ ಸಂಗ್ರಹಾಲಯದ ಕಟ್ಟಡವಲ್ಲ, ಕೆಲವು ವಸ್ತುಗಳನ್ನು ಬಳಕೆಯಿಂದ ಬೇರ್ಪಡಿಸಿ ಉಳಿಸಿಕೊಳ್ಳುವ ಮನುಷ್ಯಸ್ವಭಾವ. 1989ರಲ್ಲಿ ಪೀಟರ್ ವೆರ್ಗೊ ಸಂಪಾದಿಸಿದ ಗ್ರಂಥದಿಂದ ‘ನೂತನ ಸಂಗ್ರಹಾಲಯ ಶಾಸ್ತ್ರ’ ಎಂಬ ಮಾತು ಪ್ರಚಾರಕ್ಕೆ ಬಂದಿತು. ಹೇಗೆ ಕಾಪಾಡಬೇಕು ಎಂಬುದರ ಜೊತೆಗೆ, ಯಾರ ವಸ್ತು, ಯಾರಿಗಾಗಿ, ಯಾರ ಮಾತಿನಲ್ಲಿ ಎಂಬ ಪ್ರಶ್ನೆಗಳೂ ಈಗ ಸೇರಿವೆ.

ಮುಖ ಭಿನ್ನವಾದ ಒಂದು ವಿಗ್ರಹವನ್ನು ನಾವು ನೋಡುತ್ತೇವೆ ಎಂದುಕೊಳ್ಳೋಣ. ಅದು ಯಾವ ಊರಿನದು, ಎಲ್ಲಿ ದೊರಕಿತು ಎಂಬುದನ್ನು ಬರೆದಿಟ್ಟಿದ್ದರೆ ಅದು ಚರಿತ್ರೆಯ ಸಾಕ್ಷಿ. ಇಲ್ಲವಾದರೆ ಚೆಲುವಾದ ಕಲ್ಲು. ಒಡೆದ ಕೈಯನ್ನು ಶಿಲ್ಪಿ ಮತ್ತೆ ಮಾಡಿಯಾನು, ಕಳೆದುಹೋದ ಆ ಒಂದು ಸಾಲನ್ನು ಯಾರೂ ಮತ್ತೆ ಬರೆಯಲಾರರು. ಆ ಸಾಲನ್ನು ಕಾಯುವ ವಿದ್ಯೆಗೆ ನಮ್ಮ ವಿದ್ಯಾಶಾಲೆಗಳಲ್ಲಿ ಗೌರವದ ಸ್ಥಾನ ದೊರೆಯುವುದು ನ್ಯಾಯವೇ ಆಗಿದೆ.