ಸೆಕೆಂಡ್ ಹ್ಯಾಂಡ್ ದೋಣಿ ಎಂಜಿನ್: ಒಂದೇ ಎಳೆತಕ್ಕೆ ಸ್ಟಾರ್ಟ್ ಆದರೆ ಸಾಕೇ?

ಹೊಯ್ಸಳರ ನಾಡಿನಲ್ಲಿ ದೊಡ್ಡ ಕೆರೆಗೆ ‘ಸಮುದ್ರ’ ಎಂದು ಹೆಸರಿಡುವ ರೂಢಿಯಿತ್ತು. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಅರಸೀಕೆರೆಯ ಹೆಸರಿನಲ್ಲೇ ಕೆರೆ ಇದೆ. ಆದರೆ ಈ ಸಮುದ್ರಗಳಲ್ಲಿ ಉಪ್ಪಿಲ್ಲ. ಹಾಸನ ಜಿಲ್ಲೆಯಲ್ಲಿ ಹಳೆಯ ದೋಣಿ ಎಂಜಿನ್ ಕೊಳ್ಳಲು ಹೊರಟವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ಬೇಲೂರಿನ ಯಗಚಿ ಅಥವಾ ಗೊರೂರಿನ ಹೇಮಾವತಿ ಹಿನ್ನೀರಿಗೆಂದು ಎಂಜಿನ್ ಹುಡುಕಿದರೆ, ಅದು ಸಿಗುವ ಸಾಧ್ಯತೆ ಹೆಚ್ಚಿರುವುದು ಘಟ್ಟದ ಕೆಳಗೆ. ಕರಾವಳಿಯ ನಾಡದೋಣಿಗಳಲ್ಲಿ ಇಂಥ ಎಂಜಿನ್ ಸಾಮಾನ್ಯ. ಅಂದರೆ ನೀವು ಕೊಳ್ಳುವುದು ಉಪ್ಪುನೀರಿನಲ್ಲಿ ದುಡಿದ, ಬಹುಶಃ ಸೀಮೆಎಣ್ಣೆ ಕುಡಿದ ಯಂತ್ರವನ್ನು.

ಹಾಗೆಂದು ಅದು ಕೆಟ್ಟದ್ದೇ ಎಂದಲ್ಲ. ಯಾವುದನ್ನು ನೋಡಬೇಕು, ಯಾವ ಮಾತನ್ನು ನಂಬಬಾರದು ಎಂಬುದು ಗೊತ್ತಿರಬೇಕು. ಬೈಕ್ ಕೆಟ್ಟರೆ ರಸ್ತೆ ಬದಿಗೆ ತಳ್ಳಬಹುದು. ಹಿನ್ನೀರಿನ ನಡುವೆ, ಗಾಳಿ ಎದ್ದ ಹೊತ್ತಿನಲ್ಲಿ ಎಂಜಿನ್ ನಿಂತರೆ ತಳ್ಳಲು ಜಾಗವಿಲ್ಲ.

ಔಟ್‌ಬೋರ್ಡ್ ಎಂದರೇನು?

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ ಎಂಜಿನ್ ಇದು. ಮೇಲೆ ಎಂಜಿನ್, ನಡುವೆ ಉದ್ದನೆಯ ಕಾಲು, ಕೆಳಗೆ ಗೇರ್ ಪೆಟ್ಟಿಗೆ ಮತ್ತು ಫ್ಯಾನ್. ಅಮೆರಿಕದಲ್ಲಿ ಓಲೆ ಎವಿನ್‌ರೂಡ್ 1909ರಲ್ಲಿ ಮಾರುಕಟ್ಟೆಯಲ್ಲಿ ಗೆದ್ದ ಮಾದರಿಯನ್ನು ತಂದ ಮೇಲೆ ಇದು ಜಗತ್ತಿನಾದ್ಯಂತ ಹರಡಿತು. ಇದಕ್ಕೆ ಕಾರಿನಂತೆ ರೇಡಿಯೇಟರ್ ಇಲ್ಲ. ತಾನು ಓಡುತ್ತಿರುವ ನೀರನ್ನೇ ಹೀರಿ, ಮೈ ತಣಿಸಿಕೊಂಡು, ಹೊರಗೆ ಬಿಡುತ್ತದೆ. ಇದರ ಹೆಚ್ಚಿನ ತೊಂದರೆಗಳು ಶುರುವಾಗುವುದು ಇಲ್ಲಿಂದಲೇ.

ನಂಬಿಕೆ 1: ಒಂದೇ ಎಳೆತಕ್ಕೆ ಸ್ಟಾರ್ಟ್ ಆದರೆ ಎಂಜಿನ್ ಚೆನ್ನಾಗಿದೆ

ಬಿಸಿಯಾಗಿರುವ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತದೆ. ನೀವು ಬರುವ ಮೊದಲೇ ಹತ್ತು ನಿಮಿಷ ಓಡಿಸಿಟ್ಟಿದ್ದರೆ ನಿಮಗೆ ತಿಳಿಯುವುದಿಲ್ಲ. ಹೋದ ಕೂಡಲೇ ಮುಚ್ಚಳ ತೆಗೆಸಿ ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಪೂರ್ತಿ ತಣಿಯುವವರೆಗೆ ಕಾಯಿರಿ.

ನಂತರ ಮೆಕ್ಯಾನಿಕ್ ಕೈಯಲ್ಲಿ ಕಂಪ್ರೆಷನ್ ಗೇಜ್ ಹಾಕಿಸಿ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ 10ಕ್ಕಿಂತ ಹೆಚ್ಚಿದ್ದರೆ ರಿಂಗ್, ಪಿಸ್ಟನ್ ಅಥವಾ ಗ್ಯಾಸ್ಕೆಟ್ ಸವೆದಿರಬಹುದು. ಸೀಮೆಎಣ್ಣೆ ಮಾದರಿಗಳಲ್ಲಿ ಕಂಪ್ರೆಷನ್ ಸಹಜವಾಗಿಯೇ ಕಡಿಮೆ. ಹಾಗಾಗಿ ಪೆಟ್ರೋಲ್ ಎಂಜಿನ್ನಿನ ಅಂಕಿಯ ಜೊತೆ ಹೋಲಿಸಬೇಡಿ, ಅದೇ ಮಾದರಿಗೆ ಇರಬೇಕಾದ ಅಂಕಿಯನ್ನು ಕೇಳಿ.

ನಂಬಿಕೆ 2: ನೀರಿಲ್ಲದೆ ಒಂದು ನಿಮಿಷ ಓಡಿಸಿದರೆ ಏನೂ ಆಗದು

ಆಗುತ್ತದೆ. ನೀರು ಹೀರುವ ಪಂಪಿನೊಳಗೆ ರಬ್ಬರ್ ರೆಕ್ಕೆಯ ಇಂಪೆಲ್ಲರ್ ಇರುತ್ತದೆ. ಅದಕ್ಕೆ ಜಾರುವ ಗುಣ ಕೊಡುವುದು ನೀರೇ. ಒಣಗಿದ ಪಂಪಿನಲ್ಲಿ ರಬ್ಬರ್ ಉಜ್ಜಿ, ಬಿಸಿಯಾಗಿ, ಸ್ವಲ್ಪ ಹೊತ್ತಿನಲ್ಲೇ ಹಾಳಾಗಬಹುದು. ಅಂಗಡಿಯ ಮುಂದೆ ಸ್ಟ್ಯಾಂಡಿನ ಮೇಲೆ ಒಣಗಿದ್ದಂತೆಯೇ ಓಡಿಸಿ ತೋರಿಸುತ್ತೇನೆ ಎಂದರೆ ಬೇಡ ಎನ್ನಿ.

200 ಲೀಟರ್ ಡ್ರಮ್ಮಿನಲ್ಲಿ ನೀರು ತುಂಬಿ, ಎಂಜಿನ್ನಿನ ಕೆಳಭಾಗ ಮುಳುಗಿಸಿ ಓಡಿಸಲಿ. ಹಿಂಬದಿಯ ಸಣ್ಣ ತೂತಿನಿಂದ ನೀರು ನಿಲ್ಲದೆ ಚಿಮ್ಮಬೇಕು. ತೊಟ್ಟಿಕ್ಕಿದರೆ ಇಂಪೆಲ್ಲರ್ ಸವೆದಿದೆ ಅಥವಾ ದಾರಿ ಕಟ್ಟಿಕೊಂಡಿದೆ. ಇಂಪೆಲ್ಲರ್ ಬದಲಿಸುವುದು ದೊಡ್ಡ ಖರ್ಚಲ್ಲ. ಒಳಗಿನ ದಾರಿಯಲ್ಲಿ ಉಪ್ಪು ಗಟ್ಟಿಯಾಗಿ ಕೂತಿದ್ದರೆ ಕೆಲಸ ದೊಡ್ಡದು.

ನಂಬಿಕೆ 3: ನೀಲಿ ಹೊಗೆ ಬಂದರೆ ಎಂಜಿನ್ ಹೋಯಿತು

ಟೂ-ಸ್ಟ್ರೋಕ್ ಎಂಜಿನ್ ಇಂಧನದ ಜೊತೆ ಆಯಿಲನ್ನೂ ಸುಡುತ್ತದೆ. ಅನೇಕ ಮಾದರಿಗಳಿಗೆ 50 ಪಾಲು ಪೆಟ್ರೋಲ್‌ಗೆ 1 ಪಾಲು ಆಯಿಲ್ ಲೆಕ್ಕ. ಆದ್ದರಿಂದ ಸ್ಟಾರ್ಟ್ ಮಾಡಿದಾಗ ಸ್ವಲ್ಪ ನೀಲಿ ಹೊಗೆ ಸಹಜ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ನೀಲಿ ಹೊಗೆ ಬರುತ್ತಲೇ ಇದ್ದರೆ ಮಾತ್ರ ಆಯಿಲ್ ಸಿಲಿಂಡರಿಗೆ ಸೇರುತ್ತಿದೆ ಎಂದು ಅನುಮಾನಿಸಬೇಕು.

ನಂಬಿಕೆ 4: ಹೊಸ ಬಣ್ಣ ಹೊಳೆಯುತ್ತಿದ್ದರೆ ಚೆನ್ನಾಗಿ ಇಟ್ಟುಕೊಂಡಿದ್ದಾರೆ

ಹೊರಗಿನ ಮುಚ್ಚಳಕ್ಕೆ ಬಣ್ಣ ಹೊಡೆದಿದ್ದರೆ ಚಿಂತೆಯಿಲ್ಲ. ಒಳಗಿನ ಸಿಲಿಂಡರ್ ಬ್ಲಾಕಿಗೂ ಹೊಸ ಬಣ್ಣ ಇದ್ದರೆ ಕಾರಣ ಕೇಳಿ. ಎಂಜಿನ್ ಮಿತಿಮೀರಿ ಕಾದಾಗ ಸಿಲಿಂಡರ್ ಹೆಡ್ಡಿನ ಬಣ್ಣ ಕರಕಲಾಗಿ ಸಿಪ್ಪೆ ಏಳುತ್ತದೆ. ಹೊಸ ಬಣ್ಣದಲ್ಲಿ ಆ ಗುರುತು ಮುಚ್ಚಿಹೋಗುತ್ತದೆ. ಬೋಲ್ಟುಗಳ ಸುತ್ತ ಬಿಳಿ ಪುಡಿ ಕಂಡರೆ ಅದು ಅಲ್ಯೂಮಿನಿಯಂ ತಿಂದ ಉಪ್ಪಿನ ಕುರುಹು. ಕೆಳಭಾಗದಲ್ಲಿ ಆನೋಡ್ ಎಂಬ ಸಣ್ಣ ಲೋಹದ ತುಂಡು ಇರುತ್ತದೆ. ಎಂಜಿನ್ನಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅದು ಪೂರ್ತಿ ಕರಗಿ ಹೋಗಿದ್ದರೆ, ನಂತರ ಸವೆದದ್ದು ಎಂಜಿನ್ನೇ.

ಗೇರ್ ಆಯಿಲ್ ಸುಳ್ಳು ಹೇಳದು

ಎಂಜಿನ್ ರಾತ್ರಿಯೆಲ್ಲ ನೆಟ್ಟಗೆ ನಿಂತಿರಲಿ. ಬೆಳಿಗ್ಗೆ ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ. ನೀರು ಆಯಿಲಿಗಿಂತ ಭಾರ. ಒಳಗೆ ಸೇರಿದ್ದರೆ ಮೊದಲು ನೀರೇ ಬರುತ್ತದೆ. ಎರಡೂ ಕಲಸಿಹೋಗಿದ್ದರೆ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಾಣುತ್ತದೆ. ಎರಡಕ್ಕೂ ಅರ್ಥ ಒಂದೇ: ಸೀಲ್ ಹೋಗಿದೆ. ಬಲೆಯ ನೂಲು ಫ್ಯಾನಿನ ಶಾಫ್ಟಿಗೆ ಸುತ್ತಿಕೊಂಡು ಸೀಲ್ ಕತ್ತರಿಸುವುದುಂಟು. ಆಯಿಲ್‌ನಲ್ಲಿ ಲೋಹದ ಚೂರುಗಳಿದ್ದರೆ ಗೇರಿನ ಹಲ್ಲು ಮುರಿದಿರಬಹುದು. ಅಂಥದ್ದನ್ನು ಬಿಟ್ಟುಬಿಡುವುದೇ ಲೇಸು.

ಘಟ್ಟ ಹತ್ತಿದರೆ ಶಕ್ತಿ ಏಕೆ ಇಳಿಯುತ್ತದೆ?

ಬೇಲೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಅಲ್ಲಿ ಗಾಳಿ ಕರಾವಳಿಗಿಂತ ಶೇ 8ರಿಂದ 10ರಷ್ಟು ತೆಳು. ಸಿಲಿಂಡರಿಗೆ ಸೇರುವ ಆಮ್ಲಜನಕವೂ ಅಷ್ಟೇ ಕಡಿಮೆ. ಮಲ್ಪೆಯಲ್ಲಿ 10 ಅಶ್ವಶಕ್ತಿ ಕೊಟ್ಟ ಎಂಜಿನ್ ಇಲ್ಲಿ ಸುಮಾರು 9 ಕೊಡುತ್ತದೆ. ಕಾರ್ಬ್ಯುರೇಟರ್ ಮಾತ್ರ ಕರಾವಳಿಯ ಲೆಕ್ಕದಲ್ಲೇ ಇಂಧನ ಬಿಡುತ್ತಿರುತ್ತದೆ. ಹೊಗೆ ಹೆಚ್ಚಾಗಿ, ಪ್ಲಗ್ ಕಪ್ಪಾದರೆ ಎಂಜಿನ್ ಕೆಟ್ಟಿದೆ ಎಂದು ಹೆದರಬೇಡಿ. ಮೊದಲು ಕಾರ್ಬ್ಯುರೇಟರ್ ಹೊಂದಿಸಿ ನೋಡಿ.

ಕಾಲಿನ ಉದ್ದವೂ ಮುಖ್ಯ. ಸಾಮಾನ್ಯ ಅಳತೆಗಳು 15 ಮತ್ತು 20 ಇಂಚು. ದೋಣಿಯ ಹಲಗೆಯ ಎತ್ತರ ಅಳೆಯದೆ ಕೊಂಡರೆ ಫ್ಯಾನ್ ಗಾಳಿಯಲ್ಲಿ ತಿರುಗಬಹುದು, ಇಲ್ಲವೇ ಆಳಕ್ಕಿಳಿದು ತಳದ ಕಲ್ಲಿಗೆ ಬಡಿಯಬಹುದು.

ಇಂಧನ, ಕಾಗದ, ಹಗ್ಗ

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಹಾಳು ಮಾಡಬಹುದು. ಪೈಪು ಮೆತ್ತಗಾಗಿದ್ದರೆ ಅಥವಾ ಬಿರಿದಿದ್ದರೆ ಬದಲಿಸಿ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ.

ಎಂಜಿನ್ ಮೇಲಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಇರುವುದೇ ಎಂದು ನೋಡಿ. ನಂಬರ್ ಉಜ್ಜಿ ಅಳಿಸಿದ್ದರೆ ಕೊಳ್ಳಲೇಬೇಡಿ. 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರಚಾಲಿತ ದೋಣಿಗಳಿಗೆ ತಪಾಸಣೆ, ನೋಂದಣಿ ಕೇಳುತ್ತದೆ. ಯಗಚಿ, ಹೇಮಾವತಿ ಹಿನ್ನೀರಿಗೆ ಎಂಜಿನ್ ಇಳಿಸುವ ಮೊದಲು ಕಾವೇರಿ ನೀರಾವರಿ ನಿಗಮದ ಸ್ಥಳೀಯ ಕಚೇರಿಯಲ್ಲಿ ಅನುಮತಿಯ ಬಗ್ಗೆ ವಿಚಾರಿಸಿ. ಹಣ ಕೊಟ್ಟ ಮೇಲೆ ಕೇಳಿ ಪ್ರಯೋಜನವಿಲ್ಲ.

ಕೊನೆಯದಾಗಿ, ಎಂಜಿನ್ ನಿಲ್ಲಿಸುವ ಕೆಂಪು ಹಗ್ಗ. ಅದರ ಒಂದು ತುದಿ ಸ್ವಿಚ್ಚಿಗೆ, ಇನ್ನೊಂದು ಓಡಿಸುವವರ ಕೈಗೆ. ಆಯತಪ್ಪಿ ನೀರಿಗೆ ಬಿದ್ದರೆ ಹಗ್ಗ ಕಿತ್ತು ಎಂಜಿನ್ ನಿಲ್ಲುತ್ತದೆ, ತಿರುಗುವ ಫ್ಯಾನ್ ನಿಮ್ಮತ್ತ ಬರುವುದಿಲ್ಲ. ಪರೀಕ್ಷೆಗೆ ಅದನ್ನು ಒಮ್ಮೆ ಎಳೆಯಿರಿ. ಎಂಜಿನ್ ನಿಲ್ಲದಿದ್ದರೆ, ಅಥವಾ ಹಗ್ಗವೇ ಇಲ್ಲದಿದ್ದರೆ, ಅದನ್ನು ಸರಿಪಡಿಸುವವರೆಗೆ ದೋಣಿಗೆ ಕಟ್ಟಬೇಡಿ. ಎಂಜಿನ್ ಎಷ್ಟೇ ಒಳ್ಳೆಯದಿರಲಿ, ದೋಣಿಯಲ್ಲಿ ಲೈಫ್ ಜಾಕೆಟ್ ಮತ್ತು ಒಂದು ಜೊತೆ ಹುಟ್ಟು ಇರಲೇಬೇಕು.